ಕೇಂಬ್ರಿಯನ್‌ಗೆ ಯುರೋಪಿನ ಬಾಗಿಲು ಏಕೆ ತೆರೆಯಲಿಲ್ಲ?

ಪ್ರಶ್ನೆ: ನಾವು ಉಡುಪಿ ಕಡೆಯವರು. ನಾನು ದಕ್ಷಿಣ ವೇಲ್ಸ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲಸ ಸಿಕ್ಕಿದ್ದರಿಂದ ಮೂರು ವರ್ಷಗಳ ಹಿಂದೆ ಕುಟುಂಬ ಸಮೇತ ಇಲ್ಲಿಗೆ ಬಂದೆವು. ನಮ್ಮ ಮನೆ ಇರುವುದು ರೊಂಡಾ ಕಣಿವೆಯಲ್ಲಿ. 2025ರಲ್ಲಿ ಇಲ್ಲಿನ ಕೇಂಬ್ರಿಯನ್ ಯುನೈಟೆಡ್ ಫುಟ್‌ಬಾಲ್ ತಂಡ ವೇಲ್ಸ್‌ನ ರಾಷ್ಟ್ರೀಯ ಕಪ್ ಆದ ವೆಲ್ಷ್ ಕಪ್‌ನ ಫೈನಲ್ ತಲುಪಿದಾಗ ಇಡೀ ಬೀದಿಯೇ ನ್ಯೂಪೋರ್ಟ್‌ಗೆ ಹೊರಟಿತ್ತು, ನಾವೂ ಹೋಗಿದ್ದೆವು. ದಿ ನ್ಯೂ ಸೇಂಟ್ಸ್ ಎದುರು ನಮ್ಮ ತಂಡ ಸೋತಿತು. 2012ರಲ್ಲಿ ಕೆವನ್ ಡ್ರೂಯಿಡ್ಸ್ ಎಂಬ ಎರಡನೇ ದರ್ಜೆಯ ತಂಡ ಇದೇ ಸೇಂಟ್ಸ್ ಎದುರು ಫೈನಲ್‌ನಲ್ಲಿ ಸೋತರೂ ಯುರೋಪಿನ ಟೂರ್ನಿಗೆ ಹೋಗಿತ್ತಂತೆ. ಕೇಂಬ್ರಿಯನ್‌ಗೆ ಮಾತ್ರ ಅವಕಾಶ ಕೊಡದೆ ಅನ್ಯಾಯ ಮಾಡಿದರು ಎಂದು ಪಕ್ಕದ ಮನೆಯವರು ಈಗಲೂ ಹೇಳುತ್ತಾರೆ. ಇನ್ನು ನನ್ನ ಸಹೋದ್ಯೋಗಿಗಳು, ವೇಲ್ಸ್‌ನ ದೊಡ್ಡ ಕ್ಲಬ್‌ಗಳಾದ ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್ ಆಡದ ಕಪ್ ಎಂಥ ಕಪ್ ಎನ್ನುತ್ತಾರೆ. ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣ ಮಗ. ಅವನಿಗೆ 17 ವರ್ಷ, ಗೋಲ್‌ಕೀಪರ್, ಈವರೆಗೆ ಶಾಲಾ ತಂಡದಲ್ಲಿ ಮಾತ್ರ ಆಡಿದ್ದಾನೆ. ವೇಲ್ಸ್‌ನ ಎರಡನೇ ದರ್ಜೆಯ ಕ್ಲಬ್ಬೊಂದು ಅವನನ್ನು ಕರೆದಿದೆ. ವೆಲ್ಷ್ ಲೀಗ್‌ಗೆ ಸೇರಿದರೆ ಮುಂದೆ ದಾರಿಯೇ ಇಲ್ಲ, ಗಡಿ ದಾಟಿ ಇಂಗ್ಲೆಂಡಿನ ಸಣ್ಣ ಕ್ಲಬ್ ಸೇರುವುದೇ ಲೇಸು ಎಂದು ಕೆಲವರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದು ಎಂದು ನನಗೆ ಅನಿಸುತ್ತದೆ. ಕೇಂಬ್ರಿಯನ್‌ಗೆ ಆದದ್ದು ಅನ್ಯಾಯವಾಗಿದ್ದರೆ, ಅಂಥ ವ್ಯವಸ್ಥೆಯೊಳಗೆ ಮಗನನ್ನು ಬಿಡುವುದು ಹೇಗೆ ಎಂಬ ಅಂಜಿಕೆ ಉಳಿದೆರಡರ ಹಿಂದೆಯೂ ಇದೆ. ಕ್ಲಬ್‌ಗಳಿಗೆ ನೋಂದಣಿ ಮತ್ತು ಪರವಾನಗಿ ನಿಯಮಗಳ ಬಗ್ಗೆ ಸಲಹೆ ಕೊಡುವುದು ನನ್ನ ವೃತ್ತಿ. ಆದ್ದರಿಂದ ಮೊದಲು ನಿಯಮದಿಂದಲೇ ಆರಂಭಿಸುತ್ತೇನೆ.

ನಿಮ್ಮ ನೆರೆಯವರ ನೆನಪು ಸರಿಯಾಗಿಯೇ ಇದೆ. 2012ರ ಮೇ ತಿಂಗಳಲ್ಲಿ ಬ್ಯಾಂಗರ್‌ನಲ್ಲಿ ನಡೆದ ಫೈನಲ್‌ನಲ್ಲಿ ಸೇಂಟ್ಸ್ ತಂಡ ಡ್ರೂಯಿಡ್ಸನ್ನು 2-0ರಿಂದ ಸೋಲಿಸಿತು. ಸೇಂಟ್ಸ್ ಅದಾಗಲೇ ಲೀಗ್ ಗೆದ್ದು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿಗೆ ಸ್ಥಾನ ಪಡೆದಿತ್ತು. ಕಪ್ ವಿಜೇತರಿಗೆಂದು ಇದ್ದ ಯುರೋಪಾ ಲೀಗ್ ಸ್ಥಾನ ಹೀಗೆ ಖಾಲಿ ಉಳಿಯಿತು. ಆಗಿನ ನಿಯಮದ ಪ್ರಕಾರ ಅದು ಫೈನಲ್‌ನಲ್ಲಿ ಸೋತವರಿಗೆ ಹೋಗುತ್ತಿತ್ತು. ಡ್ರೂಯಿಡ್ಸ್ ಫಿನ್‌ಲೆಂಡಿನ ಮೈಪಾ ತಂಡದ ಎದುರು ಆಡಿತು. ಒಂದು ಪಂದ್ಯ 0-0 ಡ್ರಾ ಆಯಿತು, ಇನ್ನೊಂದನ್ನು 0-5ರಿಂದ ಸೋತಿತು. 2014ರಲ್ಲಿಯೂ ಇದೇ ಕಥೆ: ಸೇಂಟ್ಸ್ ಎದುರು ಫೈನಲ್ ಸೋತ ಅಬೆರಿಸ್ಟ್ವಿತ್ ಟೌನ್ ಯುರೋಪಿಗೆ ಹೋಗಿ, ಐರ್ಲೆಂಡಿನ ಲೀಗ್‌ನಲ್ಲಿ ಆಡುವ ಡೆರಿ ಸಿಟಿಯ ಕೈಯಲ್ಲಿ ಎರಡು ಪಂದ್ಯಗಳಲ್ಲಿ ಒಟ್ಟು ಒಂಬತ್ತು ಗೋಲು ತಿಂದು ಬಂತು.

ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2015-16ರ ಋತುವಿನಿಂದ ಈ ನಿಯಮವನ್ನು ಬದಲಿಸಿತು. ಕಪ್ ಗೆದ್ದ ತಂಡ ಲೀಗ್ ಮೂಲಕವೂ ಅರ್ಹತೆ ಪಡೆದಿದ್ದರೆ, ತೆರವಾದ ಸ್ಥಾನ ಈಗ ಲೀಗ್ ಪಟ್ಟಿಯಲ್ಲಿರುವ ಮುಂದಿನ ತಂಡಕ್ಕೆ ಹೋಗುತ್ತದೆ. ಫೈನಲ್ ಸೋತವರಿಗೆ ಅದರ ಮೇಲೆ ಹಕ್ಕಿಲ್ಲ. ಇದು ವೇಲ್ಸ್‌ಗೆಂದು ಮಾಡಿದ ನಿಯಮವಲ್ಲ. ಸ್ಪೇನ್, ಜರ್ಮನಿ, ಅಲ್ಬೇನಿಯಾ ಎಲ್ಲ ಕಡೆಯೂ ಇದೇ ನಿಯಮ. 2025ರಲ್ಲಿ ಸೇಂಟ್ಸ್ ಲೀಗನ್ನೂ ಕಪ್ಪನ್ನೂ ಗೆದ್ದಾಗ ಕಪ್ಪಿನ ಸ್ಥಾನ ಲೀಗ್ ಕಡೆಗೆ ಹರಿಯಿತು. ವೇಲ್ಸ್ ಫುಟ್‌ಬಾಲ್ ಸಂಸ್ಥೆ ಮನಸ್ಸು ಮಾಡಿದ್ದರೂ ಅದನ್ನು ಕೇಂಬ್ರಿಯನ್‌ಗೆ ಕೊಡುವಂತಿರಲಿಲ್ಲ.

ಹಳೆಯ ನಿಯಮಕ್ಕಿಂತ ಹೊಸದೇ ಮೇಲು ಎಂಬುದು ನನ್ನ ಅಭಿಪ್ರಾಯ. 2012ರ ಫೈನಲ್ ನೋಡಿ. ಎದುರಾಳಿ ಅದಾಗಲೇ ಲೀಗ್ ಚಾಂಪಿಯನ್ ಆಗಿದ್ದರಿಂದ ಡ್ರೂಯಿಡ್ಸ್ ಗೆದ್ದರೂ ಸೋತರೂ ಯುರೋಪಿಗೆ ಹೋಗುವುದು ಖಚಿತವಾಗಿತ್ತು. ಆಟಗಾರರು ಮನಸಾರೆ ಆಡಿದರು, ಆ ಮಾತು ಬೇರೆ. ಆದರೆ ಫೈನಲ್‌ನ ಫಲಿತಾಂಶಕ್ಕೆ ಇರಬೇಕಾದ ತೂಕ ಆ ದಿನ ಇರಲಿಲ್ಲ. ಕೇಂಬ್ರಿಯನ್ ಆಡಿದ ಫೈನಲ್‌ನಲ್ಲಿ ಆ ತೂಕ ಇತ್ತು: ಗೆದ್ದಿದ್ದರೆ ಸ್ಥಾನ ಅದರದೇ. 2024ರಲ್ಲಿ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದ ಇದೇ ಸೇಂಟ್ಸನ್ನು ಕೊನ್ನಾಸ್ ಕೀ ನೊಮ್ಯಾಡ್ಸ್ ತಂಡ ಫೈನಲ್‌ನಲ್ಲಿ 2-1ರಿಂದ ಮಣಿಸಿ, ಯುರೋಪಿನ ಮೂರನೇ ಹಂತದ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ಗೆ ಹೋಗಿತ್ತು.

ಇಲ್ಲಿ ಇನ್ನೊಂದು ತೊಡಕಿದೆ, ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ. ಮೈದಾನದಲ್ಲಿ ಗೆದ್ದರಷ್ಟೇ ಸಾಲದು, ಯುಇಎಫ್‌ಎ ಪರವಾನಗಿಯೂ ಬೇಕು. ಕ್ಲಬ್‌ನ ಲೆಕ್ಕಪತ್ರ, ಬಾಕಿ ಸಾಲ, ಕ್ರೀಡಾಂಗಣದ ಸುರಕ್ಷತೆ, ತರಬೇತುದಾರರ ಅರ್ಹತೆ, ಕಿರಿಯರ ತಂಡಗಳು ಎಲ್ಲವನ್ನೂ ಪರಿಶೀಲಿಸಿದ ಮೇಲೆ ಅದು ಸಿಗುತ್ತದೆ. ಎರಡನೇ ದರ್ಜೆಯ ಕ್ಲಬ್ ಕಪ್ ಮೂಲಕ ಅರ್ಹತೆ ಪಡೆದರೆ ಅದಕ್ಕೆ ವಿಶೇಷ ಅರ್ಜಿಯ ದಾರಿ ಇದೆ. ಆದರೆ ಕಡತ ಮಾತ್ರ ಸಿದ್ಧವಿರಲೇಬೇಕು. 2010ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿಗೆ ಸೋತ ಪೋರ್ಟ್ಸ್‌ಮತ್‌ಗೆ ಹಳೆಯ ನಿಯಮದಂತೆ ಯುರೋಪಾ ಲೀಗ್ ಸ್ಥಾನ ಸಿಗಬೇಕಿತ್ತು. ಸಾಲದಲ್ಲಿ ಮುಳುಗಿದ್ದ ಕ್ಲಬ್‌ಗೆ ಪರವಾನಗಿ ಸಿಗಲಿಲ್ಲ, ಸ್ಥಾನ ಲಿವರ್‌ಪೂಲ್ ಪಾಲಾಯಿತು. ವೇಲ್ಸ್‌ನಲ್ಲೇ 2018ರಲ್ಲಿ ಬ್ಯಾಂಗರ್ ಸಿಟಿ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆದೂ ಪರವಾನಗಿ ಸಿಗದೆ ಯುರೋಪನ್ನು ಕಳೆದುಕೊಂಡಿತು. ಅಷ್ಟೇ ಅಲ್ಲ, ಕೆಳಗಿನ ದರ್ಜೆಗೂ ಇಳಿಯಬೇಕಾಯಿತು. ಈ ಬ್ಯಾಂಗರ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇನ್ನು ದೊಡ್ಡ ಕ್ಲಬ್‌ಗಳು ಆಡದ ಕಪ್ ಎಂಬ ಮಾತು. ನಿಮ್ಮ ಸಹೋದ್ಯೋಗಿಗಳು ಹೇಳುವುದರಲ್ಲಿ ಅರ್ಧ ಸತ್ಯವಿದೆ.

ವೆಲ್ಷ್ ಕಪ್ ಶುರುವಾದದ್ದು 1877-78ರಲ್ಲಿ. ಮೊದಲ ಫೈನಲ್‌ನಲ್ಲಿ ರೆಕ್ಸಮ್ ತಂಡ ರುವಾಬನ್ ಊರಿನ ಡ್ರೂಯಿಡ್ಸನ್ನು 1-0ರಿಂದ ಸೋಲಿಸಿತು. ಕಪ್ಪನ್ನು ಇನ್ನೂ ಕೊಂಡೇ ಇರಲಿಲ್ಲವಾದ್ದರಿಂದ ಗೆದ್ದವರು ಅಂದು ಬರಿಗೈಯಲ್ಲಿ ಮನೆಗೆ ಹೋದರು. 2012ರ ಕೆವನ್ ಡ್ರೂಯಿಡ್ಸ್ ಆ ರುವಾಬನ್ ತಂಡದ ಪರಂಪರೆಯದೇ. ಅತಿ ಹೆಚ್ಚು ಸಲ ಗೆದ್ದವರು ರೆಕ್ಸಮ್, 23 ಬಾರಿ. ಕಾರ್ಡಿಫ್ ಸಿಟಿ 22 ಬಾರಿ ಗೆದ್ದಿದೆ. 1927ರಲ್ಲಿ ಕಾರ್ಡಿಫ್ ವೆಂಬ್ಲಿಯಲ್ಲಿ ಆರ್ಸೆನಲ್ ತಂಡವನ್ನು ಸೋಲಿಸಿ ಇಂಗ್ಲೆಂಡಿನ ಎಫ್‌ಎ ಕಪ್ ಗೆದ್ದ ವರ್ಷವೇ ವೆಲ್ಷ್ ಕಪ್ಪನ್ನೂ ಗೆದ್ದಿತ್ತು. ಶ್ರೂಸ್‌ಬರಿ, ಹೆರೆಫರ್ಡ್‌ನಂಥ ಗಡಿಯಾಚೆಯ ಇಂಗ್ಲಿಷ್ ಕ್ಲಬ್‌ಗಳೂ ಇದರಲ್ಲಿ ಆಡುತ್ತಿದ್ದವು, ಗೆದ್ದೂ ಇದ್ದವು.

ಹಾಗಾದರೆ ದೊಡ್ಡವರು ಹೊರಗೆ ಹೋದದ್ದು ಹೇಗೆ? ವೇಲ್ಸ್‌ಗೆ ತನ್ನದೇ ರಾಷ್ಟ್ರೀಯ ಲೀಗ್ ಇರಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕಕ್ಕೂ ಪ್ರತ್ಯೇಕ ಸದಸ್ಯತ್ವ ಏಕೆ ಎಂದು ಫಿಫಾದಲ್ಲಿ ಆಗಾಗ ಪ್ರಶ್ನೆ ಏಳುತ್ತಿದ್ದ ಕಾಲವದು. ಸ್ವಂತ ಲೀಗ್ ಇಲ್ಲದ ದೇಶ ತನ್ನ ಸ್ವತಂತ್ರ ಸ್ಥಾನವನ್ನೇ ಕಳೆದುಕೊಂಡೀತು ಎಂಬ ಆತಂಕದಲ್ಲಿ, ವೇಲ್ಸ್ ಸಂಸ್ಥೆಯ ಆಗಿನ ಕಾರ್ಯದರ್ಶಿ ಆಲನ್ ಎವಾನ್ಸ್ ಮುಂದಾಳತ್ವದಲ್ಲಿ 1992ರಲ್ಲಿ ಲೀಗ್ ಆಫ್ ವೇಲ್ಸ್ ಹುಟ್ಟಿತು. ಇಂದಿನ ಕಮ್ರಿ ಪ್ರೀಮಿಯರ್ ಅದರದೇ ಮುಂದುವರಿಕೆ. ಇಂಗ್ಲೆಂಡಿನ ಕೆಳ ಲೀಗ್‌ಗಳಲ್ಲಿ ಆಡುತ್ತಿದ್ದ ವೆಲ್ಷ್ ಕ್ಲಬ್‌ಗಳಲ್ಲಿ ಎಂಟು ಇದನ್ನು ಗಟ್ಟಿಯಾಗಿ ವಿರೋಧಿಸಿದವು, ಕೆಲವು ಗಡಿಯಾಚೆಗೆ ತವರು ಅಂಗಣ ಹುಡುಕಿಕೊಂಡು ಹೋದವು, ಜಗಳ ನ್ಯಾಯಾಲಯದವರೆಗೂ ಹೋಯಿತು. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್ ಇಂಗ್ಲೆಂಡಿನ ಲೀಗ್‌ನಲ್ಲೇ ಉಳಿದವು. ಬೇರೆ ದೇಶದ ಲೀಗ್‌ನಲ್ಲಿ ಆಡುವ ಕ್ಲಬ್ ವೇಲ್ಸ್‌ನ ಕಪ್ ಗೆದ್ದು ವೇಲ್ಸ್‌ನ ಹೆಸರಿನಲ್ಲಿ ಯುರೋಪಿಗೆ ಬರುವುದನ್ನು ಯುಇಎಫ್‌ಎ ಒಪ್ಪಲಿಲ್ಲ. 1995ರ ಫೈನಲ್‌ನಲ್ಲಿ ರೆಕ್ಸಮ್ ಕಾರ್ಡಿಫನ್ನು 2-1ರಿಂದ ಸೋಲಿಸಿತು. ಆ ಮೂರೂ ಕ್ಲಬ್‌ಗಳು ಸ್ಪರ್ಧೆಯಲ್ಲಿದ್ದ ಕೊನೆಯ ವರ್ಷ ಅದು.

2011-12ರಲ್ಲಿ ಇಂಗ್ಲೆಂಡಿನಲ್ಲಿ ಆಡುವ ವೆಲ್ಷ್ ಕ್ಲಬ್‌ಗಳನ್ನು ಮತ್ತೆ ಆಹ್ವಾನಿಸುವ ಪ್ರಯತ್ನ ನಡೆಯಿತು, ರೆಕ್ಸಮ್ ಬಂದಿತು ಕೂಡ. ಆದರೆ 2012ರಲ್ಲಿ ಯುಇಎಫ್‌ಎ ಗೆರೆ ಎಳೆದೇಬಿಟ್ಟಿತು: ಇಂಥ ಕ್ಲಬ್‌ಗಳು ತಾವು ಆಡುವ ಇಂಗ್ಲೆಂಡಿನ ಲೀಗ್ ಮತ್ತು ಕಪ್‌ಗಳ ಮೂಲಕ ಯುರೋಪಿಗೆ ಬರಬಹುದು, ವೆಲ್ಷ್ ಕಪ್ ಮೂಲಕ ಅಲ್ಲ. ಸ್ವಾನ್ಸಿ ಮರುವರ್ಷವೇ ಅದರ ಲಾಭ ಪಡೆಯಿತು. 2013ರಲ್ಲಿ ಇಂಗ್ಲೆಂಡಿನ ಲೀಗ್ ಕಪ್ ಗೆದ್ದು ಯುರೋಪಾ ಲೀಗ್‌ಗೆ ಹೋಗಿ, ವಲೆನ್ಸಿಯಾವನ್ನು ಅದರ ನೆಲದಲ್ಲೇ 3-0ರಿಂದ ಸೋಲಿಸಿತು. ಹೀಗಾಗಿ ದೊಡ್ಡ ಕ್ಲಬ್‌ಗಳು ವೆಲ್ಷ್ ಕಪ್ಪನ್ನು ಕೀಳೆಂದು ಬಿಟ್ಟುಹೋದವು ಎನ್ನುವುದು ತಪ್ಪು. ಒಂದು ಕಡೆಯ ಬಾಗಿಲು ಆಯ್ದುಕೊಂಡವರಿಗೆ ಇನ್ನೊಂದು ಕಡೆಯದು ಮುಚ್ಚಿತು. ಈ ಕ್ಲಬ್‌ಗಳನ್ನು ವೇಲ್ಸ್‌ನ ಲೀಗ್ ಕಪ್‌ಗೆ ತಂದು, ಅದರ ಮೂಲಕ ಯುರೋಪಿಗೆ ದಾರಿ ಮಾಡಿಕೊಡಬೇಕೆಂಬ ಪ್ರಸ್ತಾವ 2025ರಲ್ಲಿ ಮತ್ತೆ ತಲೆ ಎತ್ತಿತು. ಪುಟ್ಟ ಕ್ಲಬ್‌ಗಳು ಬೆವರು ಸುರಿಸಿ ಗಳಿಸುವ ಸ್ಥಾನ ದೊಡ್ಡವರ ಪಾಲಾಗುತ್ತದೆ ಎಂಬ ಆಕ್ಷೇಪಣೆಯೂ ಜೊತೆಗೇ ಎದ್ದಿತು. ನನ್ನ ಒಲವು ಆಕ್ಷೇಪಣೆಯ ಕಡೆಗಿದೆ.

ಕಪ್ ಸಣ್ಣದೇ ಎಂದು ಯಾರಾದರೂ ಮತ್ತೆ ಕೇಳಿದರೆ 1962ರ ಬ್ಯಾಂಗರ್ ಸಿಟಿಯ ಕಥೆ ಹೇಳಿ. ಆ ವರ್ಷ ರೆಕ್ಸಮನ್ನು ಸೋಲಿಸಿ ವೆಲ್ಷ್ ಕಪ್ ಗೆದ್ದಾಗ ಬ್ಯಾಂಗರ್ ಆಡುತ್ತಿದ್ದುದು ಚೆಷೈರ್ ಲೀಗ್ ಎಂಬ ಪ್ರಾದೇಶಿಕ ಲೀಗ್‌ನಲ್ಲಿ. ಎವರ್ಟನ್‌ನ ಹಳೆಯ ಆಟಗಾರ ಟಿ.ಜಿ. ಜೋನ್ಸ್ ಅದರ ಮ್ಯಾನೇಜರ್. ಆಯಾ ದೇಶದ ಕಪ್ ಗೆದ್ದವರು ಆಡುತ್ತಿದ್ದ ಯುರೋಪಿಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲೇ ಇಟಲಿಯ ಕಪ್ ಗೆದ್ದಿದ್ದ ನಾಪೊಲಿ ಎದುರಾಯಿತು. ಫಾರರ್ ರೋಡ್ ಎಂಬ ಪುಟ್ಟ ಅಂಗಣದಲ್ಲಿ ಬ್ಯಾಂಗರ್ 2-0ರಿಂದ ಗೆದ್ದಿತು. ಒಂದು ಗೋಲು ರಾಯ್ ಮ್ಯಾಥ್ಯೂಸ್‌ ಅವರದು, ಇನ್ನೊಂದು ಕೆನ್ ಬರ್ಚ್ ಹೊಡೆದ ಪೆನಾಲ್ಟಿ. ನೇಪಲ್ಸ್‌ನಲ್ಲಿ ಬ್ಯಾಂಗರ್ 1-3ರಿಂದ ಸೋತಿತು. ಒಟ್ಟು 3-3. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಆಗ ಇದ್ದಿದ್ದರೆ ಬ್ಯಾಂಗರ್ ಅಲ್ಲೇ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಆ ನಿಯಮ ಬಂದದ್ದು 1965ರಲ್ಲಿ. ಹಾಗಾಗಿ ಲಂಡನ್ನಿನ ಹೈಬರಿಯಲ್ಲಿ ಮೂರನೆಯ ಪಂದ್ಯ ನಡೆದು ನಾಪೊಲಿ 2-1ರಿಂದ ಪಾರಾಯಿತು. ಕೇಂಬ್ರಿಯನ್ ಬೆಂಬಲಿಗರ ಸಂಕಟ ನನಗೆ ಅರ್ಥವಾಗುತ್ತದೆ. ನಿಯಮ ಮೂರು ವರ್ಷ ತಡವಾಗಿ ಬಂತೆಂದು ಬ್ಯಾಂಗರ್‌ನವರು ಎಷ್ಟು ನೊಂದಿರಬೇಡ! ಇದೇ ವೆಲ್ಷ್ ಕಪ್ಪಿನ ದಾರಿಯಲ್ಲಿ ಬಂದ ಕಾರ್ಡಿಫ್ 1971ರಲ್ಲಿ ತನ್ನ ಅಂಗಣದಲ್ಲಿ ರಿಯಲ್ ಮ್ಯಾಡ್ರಿಡ್‌ ತಂಡವನ್ನು 1-0ರಿಂದ ಸೋಲಿಸಿತು. ಗಣಿ ಪ್ರದೇಶದ ಮರ್ತರ್ ಟಿಡ್ವಿಲ್ 1987ರಲ್ಲಿ ಇಟಲಿಯ ಅಟಲಾಂಟಾವನ್ನು ಮನೆಯಂಗಳದಲ್ಲಿ 2-1ರಿಂದ ಸೋಲಿಸಿತು.

ನಿಮ್ಮ ರೊಂಡಾ ಕಣಿವೆಯ ಕ್ಲಿಡಾಕ್ ವೇಲ್ ಕೂಡ ಅಂಥದೇ ಗಣಿ ಊರು. ಕೇಂಬ್ರಿಯನ್ ಹೆಸರಿನ ಕಲ್ಲಿದ್ದಲ ಗಣಿ ಅಲ್ಲಿತ್ತು. 1965ರ ಮೇ ತಿಂಗಳ ಸ್ಫೋಟದಲ್ಲಿ 31 ಕಾರ್ಮಿಕರು ಸತ್ತರು. ಆ ಊರಿನ ತಂಡ ದೇಶದ ಕಪ್ ಫೈನಲ್‌ಗೆ ಬಂದಾಗ ಬೀದಿಗೆ ಬೀದಿಯೇ ಹೊರಟದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಈಗ ಮಗನ ವಿಷಯಕ್ಕೆ ಬರೋಣ.

ವೆಲ್ಷ್ ಲೀಗ್‌ಗೆ ಸೇರಿದರೆ ಮುಂದೆ ದಾರಿಯಿಲ್ಲ ಎಂಬುದು ಸುಳ್ಳು. ಲೀ ಟ್ರಂಡಲ್ 2001ರಲ್ಲಿ ರಿಲ್ ಕ್ಲಬ್‌ನಿಂದ ರೆಕ್ಸಮ್‌ಗೆ ಹೋಗಿ, ಆಮೇಲೆ ಸ್ವಾನ್ಸಿಯಲ್ಲಿ ಮನೆಮಾತಾದರು. ಓವನ್ ಟ್ಯೂಡರ್ ಜೋನ್ಸ್ 2005ರಲ್ಲಿ ಬ್ಯಾಂಗರ್ ಸಿಟಿಯಿಂದ ಸ್ವಾನ್ಸಿ ಸೇರಿ ಮುಂದೆ ವೇಲ್ಸ್ ರಾಷ್ಟ್ರೀಯ ತಂಡಕ್ಕೂ ಆಡಿದರು. ಆದರೆ ಇಂಥವರು ಬೆರಳೆಣಿಕೆಯಷ್ಟು ಮಂದಿ. ಇಂಗ್ಲೆಂಡಿನ ಸಣ್ಣ ಕ್ಲಬ್ ಸೇರಿದವರಲ್ಲೂ ಮೇಲೆ ಹೋಗುವವರು ಅಷ್ಟೇ ಕಡಿಮೆ. ಗಡಿ ದಾಟಿದ ಮಾತ್ರಕ್ಕೆ ಹಣೆಬರಹ ಬದಲಾಗುವುದಿಲ್ಲ.

ನಿಮ್ಮ ಮುಂದಿರುವ ಮೊದಲ ದಾರಿ, ಕರೆದ ಕ್ಲಬ್ ಸೇರುವುದು. ಇದರ ದೊಡ್ಡ ಲಾಭ ಆಡುವ ಅವಕಾಶ. ಗೋಲ್‌ಕೀಪರ್ ಸ್ಥಾನ ತಂಡದಲ್ಲಿ ಒಂದೇ. 17ರ ಹುಡುಗ ದೊಡ್ಡ ಹೆಸರಿನ ಕ್ಲಬ್‌ನ ಬೆಂಚಿನಲ್ಲಿ ಮೂರನೆಯವನಾಗಿ ಕೂರುವುದಕ್ಕಿಂತ ಪುಟ್ಟ ಕ್ಲಬ್‌ನಲ್ಲಿ ವಾರವಾರ ಆಡುವುದು ಮೇಲು. ಅಪಾಯ ಇರುವುದು ಕ್ಲಬ್‌ನ ಹಣಕಾಸಿನಲ್ಲಿ. ಈ ದರ್ಜೆಯ ಕ್ಲಬ್‌ಗಳಲ್ಲಿ ಬಹುತೇಕ ಎಲ್ಲರೂ ಬೇರೆ ಕೆಲಸ ಮಾಡುತ್ತ ಆಡುವವರು. ಲನೆಲ್ಲಿ ಕ್ಲಬ್ 2013ರಲ್ಲಿ ಮುಚ್ಚಿತು, ರಿಲ್ 2020ರಲ್ಲಿ. ನಾಪೊಲಿಯನ್ನು ಸೋಲಿಸಿದ ಬ್ಯಾಂಗರ್ ಸಿಟಿಯೂ ಹಣದ ಬಿಕ್ಕಟ್ಟಿನಲ್ಲಿ ಲೀಗ್‌ನಿಂದಲೇ ಮಾಯವಾಯಿತು, ಅದರ ಅಭಿಮಾನಿಗಳು ಬ್ಯಾಂಗರ್ 1876 ಎಂಬ ಹೊಸ ಕ್ಲಬ್ ಕಟ್ಟಿಕೊಂಡರು. ಆದ್ದರಿಂದ ಕ್ಲಬ್‌ಗೆ ಯಾವ ಹಂತದ ಪರವಾನಗಿ ಇದೆ, ಕೊನೆಯ ಪರಿಶೀಲನೆಯಲ್ಲಿ ಏನಾಯಿತು, ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ತರಬೇತುದಾರ ಇದ್ದಾರೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕ್ಲಬ್ ಬೇಡ.

ಎರಡನೆಯದು ಗಡಿ ದಾಟುವುದು. ಇಲ್ಲಿ ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಫುಟ್‌ಬಾಲ್ ಲೆಕ್ಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಎರಡು ಬೇರೆ ದೇಶಗಳು. ವೇಲ್ಸ್‌ನಲ್ಲಿ ನೋಂದಣಿಯಾದ ಆಟಗಾರ ಬಸ್ಸಿನಲ್ಲಿ ಒಂದು ಗಂಟೆ ದೂರದ ಇಂಗ್ಲಿಷ್ ಕ್ಲಬ್‌ಗೆ ಹೋದರೂ ಅದು ಅಂತರರಾಷ್ಟ್ರೀಯ ವರ್ಗಾವಣೆ, ಅದಕ್ಕೆ ಪ್ರಮಾಣಪತ್ರ ಬೇಕು. 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ಸಾಮಾನ್ಯವಾಗಿ ನಿಷೇಧಿಸಿದೆ. 16 ತುಂಬಿದವರಿಗೆ ಒಂದೇ ದೇಶದೊಳಗಿನ ಎರಡು ಸಂಸ್ಥೆಗಳ ನಡುವೆ ವಿನಾಯಿತಿ ಇದೆ. ಆದರೆ ಹುಡುಗನ ಓದು, ತರಬೇತಿ, ವಾಸದ ವ್ಯವಸ್ಥೆಯನ್ನು ಹೊಸ ಕ್ಲಬ್ ಖಾತರಿಪಡಿಸಬೇಕು. ಸಣ್ಣ ಕ್ಲಬ್‌ಗಳಿಗೆ ಇದು ತಲೆನೋವು. ಕಾಗದಪತ್ರ ಮುಗಿಯುವ ಹೊತ್ತಿಗೆ ಅರ್ಧ ಋತು ಕಳೆದಿರುತ್ತದೆ. ಒಂದು ವರ್ಷ ಕಾದು, 18 ಆದ ಮೇಲೆ ಹೋಗುವುದು ಎಷ್ಟೋ ಸುಲಭ.

ಮೂರನೆಯ ದಾರಿಯನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಕಾರ್ಡಿಫ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ತಂಡ ಕಮ್ರಿ ಪ್ರೀಮಿಯರ್‌ನಲ್ಲಿ ಆಡುತ್ತದೆ. ಪದವಿ ಓದುತ್ತಲೇ ದೇಶದ ಅಗ್ರ ಲೀಗ್‌ನಲ್ಲಿ ಆಡುವ ವಿದ್ಯಾರ್ಥಿಗಳ ತಂಡ. 2019ರಲ್ಲಿ ಯುರೋಪಾ ಲೀಗ್‌ಗೂ ಹೋಗಿ, ಲಕ್ಸಂಬರ್ಗ್‌ನ ತಂಡದೊಡನೆ ಒಟ್ಟು 2-2ರಿಂದ ಸಮ ಮಾಡಿಕೊಂಡು ಎದುರಾಳಿ ನೆಲದ ಗೋಲಿನ ಲೆಕ್ಕದಲ್ಲಷ್ಟೇ ಹೊರಬಿತ್ತು. ಪ್ರವೇಶಕ್ಕೆ ಅಂಕವೂ ಬೇಕು, ಆಟವೂ ಬೇಕು. ವಿದ್ಯಾರ್ಥಿಯಾಗಿ ಸೇರಿದರೂ ಮೊದಲ ತಂಡದಲ್ಲಿ ಸ್ಥಾನ ಸಿಗುತ್ತದೆಂಬ ಭರವಸೆಯಿಲ್ಲ. ಜೊತೆಗೆ ಶುಲ್ಕದ ಭಾರ ಇದೆ. ನಿಮ್ಮ ವೀಸಾ ಸ್ಥಿತಿಯ ಮೇಲೆ ಅದು ಎಷ್ಟು ಎಂಬುದು ನಿಂತಿದೆ, ಮೊದಲೇ ವಿಚಾರಿಸಿ.

ಮೊದಲ ಎರಡು ವರ್ಷ ಕರೆದ ಕ್ಲಬ್‌ನಲ್ಲೇ ಆಡಲಿ, ಓದು ಬಿಡದಿರಲಿ, ಮೂರನೆಯ ದಾರಿಗೆ ಈಗಿಂದಲೇ ತಯಾರಿ ನಡೆಸಲಿ. ನನ್ನ ಮಗನಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಸಹಿ ಹಾಕುವ ಮುಂಚೆ ಎರಡು ವಿಷಯ ಗಮನಿಸಿ. ನಿಮ್ಮ ಮಗನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್ ಎಂದು ಭಾವಿಸಿದ್ದೇನೆ. ಹಾಗಿದ್ದರೆ ವೇಲ್ಸ್‌ನಲ್ಲಿ ಅವನ ಮೊದಲ ನೋಂದಣಿಗೂ 18ರ ಒಳಗಿನವರ ನಿಯಮವೇ ಅನ್ವಯಿಸುತ್ತದೆ. ಐದು ವರ್ಷ ಸತತವಾಗಿ ನೆಲೆಸಿದವರಿಗೆ ಇರುವ ವಿನಾಯಿತಿ ನಿಮಗೆ ಸಿಗದು, ನೀವು ಬಂದು ಮೂರೇ ವರ್ಷವಾಗಿದೆ. ಆದರೆ ತಂದೆ-ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ವಲಸೆ ಬಂದಿದ್ದರೆ ಇನ್ನೊಂದು ವಿನಾಯಿತಿ ಇದೆ, ನಿಮಗೆ ಹೊಂದುವುದು ಅದೇ. ನಿಮ್ಮ ನೇಮಕಾತಿ ಪತ್ರ, ವೀಸಾ, ಮನೆಯ ವಿಳಾಸದ ಪುರಾವೆ, ಮಗನ ಜನನ ಪ್ರಮಾಣಪತ್ರ ಒಂದೆಡೆ ಜೋಡಿಸಿಡಿ. ಅನುಮತಿ ಬರುವ ಮುಂಚೆ ಅಧಿಕೃತ ಪಂದ್ಯ ಆಡಿಸಿದರೆ ಕ್ಲಬ್‌ಗೂ ಅವನಿಗೂ ತೊಂದರೆ. ಕ್ಲಬ್‌ನವರು ಪರವಾಗಿಲ್ಲ, ಆಮೇಲೆ ನೋಡೋಣ ಎಂದರೆ ಒಪ್ಪಬೇಡಿ. ಇಂಥ ಅವಸರದಿಂದಲೇ ಒಳ್ಳೆಯ ಹುಡುಗರು ತಿಂಗಳುಗಟ್ಟಲೆ ಹೊರಗುಳಿದದ್ದನ್ನು ನನ್ನ ಕೆಲಸದಲ್ಲಿ ಕಂಡಿದ್ದೇನೆ.

ಎರಡನೆಯದು ಪೌರತ್ವ. ಇನ್ನು ಕೆಲವು ವರ್ಷಗಳಲ್ಲಿ ನೀವು ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವ ಕಾಲ ಬರಬಹುದು. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ, ಭಾರತ ತಂಡಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಾಲದು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಗೆ ಆಡುವ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತಕ್ಕೆ ಆಡಲೆಂದು ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟರು. 17ರ ಹುಡುಗನಿಗೆ ಇದು ದೂರದ ಮಾತು ಅನಿಸಬಹುದು. ಆದರೂ ಅರ್ಜಿ ತುಂಬುವ ದಿನ ಬಂದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಮನಸ್ಸಿನಲ್ಲಿ ಯಾವ ದೇಶದ ಅಂಗಿ ಇದೆ ಎಂದು ಕೇಳಿಯೇ ಮುಂದುವರಿಯಿರಿ.